‘ಮಳೆ ಬಂದ್ರೆ ಅಮ್ಮ ನೆನೀತಾಳಲ್ವಾ?’

ಪ್ರಶ್ನೆ: ಸಕಲೇಶಪುರದ ಹತ್ತಿರದ ಹಳ್ಳಿ ನಮ್ಮದು. ಸಣ್ಣ ಕಾಫಿ ತೋಟ ಇದೆ. ಜೂನ್ ಮೊದಲ ವಾರ ನನ್ನ ಹೆಂಡತಿ ಕ್ಯಾನ್ಸರ್‌ನಿಂದ ತೀರಿಕೊಂಡಳು. ಮಗನಿಗೆ ಎಂಟು ವರ್ಷ, ಮಗಳಿಗೆ ನಾಲ್ಕೂವರೆ. ಮಣ್ಣು ಮಾಡಿದ್ದು ತೋಟದಲ್ಲೇ. ಮಗನ ಕೈಯಲ್ಲಿ ಮೂರು ಹಿಡಿ ಮಣ್ಣು ಹಾಕಿಸಿದೆವು. ಅವನು ಅವತ್ತೂ ಅಳಲಿಲ್ಲ, ಈಗಲೂ ಅಳುವುದಿಲ್ಲ. ಕ್ರಿಕೆಟ್ ಆಡುತ್ತಾನೆ, ಟಿವಿ ನೋಡಿ ನಗುತ್ತಾನೆ. ಆದರೆ ಸ್ಕೂಲಿಗೆ ಹೊರಡುವಾಗ ದಿನಾ ಹೊಟ್ಟೆನೋವು. ಜುಲೈಯಲ್ಲಿ ಜೋರು ಮಳೆ ಸುರಿಯುತ್ತಿದ್ದ ಒಂದು ರಾತ್ರಿ ಎದ್ದು ಕೂತು, ‘ಅಮ್ಮ ನೆನೀತಾಳಲ್ವಾ?’ ಅಂದ. ನಮ್ಮಮ್ಮ ‘ಬಿಡ್ತು ಅನ್ನು’ ಅಂತ ಮಲಗಿಸಿದರು. ಆಮೇಲೆ ಅವನು ಏನೂ ಕೇಳಿಲ್ಲ. ಮಗಳನ್ನು ಆ ದಿನಗಳಲ್ಲಿ ಅವಳ ಚಿಕ್ಕಮ್ಮನ ಮನೆಗೆ ಕಳಿಸಿದ್ದೆವು. ಅಮ್ಮ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾಳೆ ಅಂತಲೇ ಹೇಳಿಕೊಂಡು ಬಂದಿದ್ದೇವೆ. ಈಗ ಅವಳು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ. ಗೊಂಬೆಯನ್ನು ಮಲಗಿಸಿ, ಮುಖದ ಮೇಲೆ ಟವೆಲ್ ಮುಚ್ಚಿ, ‘ಇದು ಏಳಲ್ಲ’ ಅನ್ನುತ್ತಾಳೆ. ನೋಡಿದವರು ಅಪಶಕುನ ಅನ್ನುತ್ತಾರೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡಬೇಕು. ಅಷ್ಟರೊಳಗೆ ಇವಳಿಗೆ ಹೇಳಬೇಕಾ? ಹೇಗೆ ಹೇಳಲಿ? ಮಗಳನ್ನು ಚಿಕ್ಕಮ್ಮನ ಮನೆಯಲ್ಲೇ ಬಿಡು ಅಂತ ನೆಂಟರೆಲ್ಲ ಹೇಳುತ್ತಿದ್ದಾರೆ. ದಾರಿ ತೋರಿಸಿ.

ಉತ್ತರ: ಹೇಳಬೇಕು. ಅಮಾವಾಸ್ಯೆಯವರೆಗೆ ಕಾಯಬೇಡಿ, ಈ ಭಾನುವಾರವೇ ಹೇಳಿ. ಆದರೆ ಅದಕ್ಕೂ ಮುಂಚೆ, ಶನಿವಾರ, ಮಗನೊಬ್ಬನನ್ನೇ ಕರೆದುಕೊಂಡು ತೋಟದಲ್ಲಿ ಒಂದು ಸುತ್ತು ಹೋಗಿ ಬನ್ನಿ.

ಯಾಕೆ ಅಂದರೆ, ನೀವು ಬರೆಯದೇ ಬಿಟ್ಟ ಒಂದು ವಿಷಯ ನಿಮ್ಮ ಪತ್ರದಲ್ಲಿ ನನಗೆ ಕಾಣುತ್ತಿದೆ. ಅಮ್ಮ ಸತ್ತಿದ್ದು ಮಗನಿಗೆ ಗೊತ್ತು, ಮಗಳಿಗೆ ಗೊತ್ತಿಲ್ಲ. ಅಂದರೆ ‘ತಂಗಿ ಹತ್ರ ಬಾಯಿ ಬಿಡಬೇಡ’ ಅಂತ ಯಾರೋ ಅವನಿಗೆ ಹೇಳಿರಲೇಬೇಕು. ಮೂರು ತಿಂಗಳಿಂದ ತಂಗಿ ದಿನಾ ‘ಅಮ್ಮ ಯಾವಾಗ ಬರ್ತಾಳೆ’ ಅಂತ ಕೇಳುವಾಗ ಅವನು ಪಕ್ಕದಲ್ಲಿ ಕೂತಿರುತ್ತಾನೆ. ಅಮ್ಮನ ಹೆಸರು ಎತ್ತಿದರೆ ಗುಟ್ಟು ಬಯಲಾಗುತ್ತದೆ. ಅತ್ತರೆ ತಂಗಿ ಯಾಕೆ ಅಂತ ಕೇಳುತ್ತಾಳೆ. ಹಾಗಾಗಿ ಅವನಿಗೆ ಮಾತೂ ಇಲ್ಲ, ಅಳುವೂ ಇಲ್ಲ. ಎಂಟು ವರ್ಷದ ಹುಡುಗನ ಮೇಲೆ ನೀವು ಬೇಕಂತ ಈ ಭಾರ ಹಾಕಿಲ್ಲ, ಗೊತ್ತು. ಈಗ ಇಳಿಸಿದರೆ ಸಾಕು. ‘ತಂಗಿಗೆ ನಾಳೆ ನಾನೇ ಹೇಳ್ತೀನಿ. ಇನ್ಮೇಲೆ ನೀನು ಏನೂ ಮುಚ್ಚಿಡಬೇಕಾಗಿಲ್ಲ’ ಅನ್ನಿ.

ಅದೇ ಹೊತ್ತಿಗೆ ಮಳೆಯ ಪ್ರಶ್ನೆಗೂ ಉತ್ತರ ಕೊಡಿ. ‘ಅವತ್ತು ರಾತ್ರಿ ನೀನೊಂದು ಮಾತು ಕೇಳಿದ್ದೆ. ನಾವು ಉತ್ತರ ಹೇಳಲಿಲ್ಲ’ ಅಂತ ನೀವೇ ಶುರು ಮಾಡಿ. ಅವನು ಆ ಪ್ರಶ್ನೆಯನ್ನು ಮರೆತಿಲ್ಲ. ತನ್ನ ಕೈಯಾರೆ ಅಮ್ಮನ ಮೇಲೆ ಮಣ್ಣು ಹಾಕಿದವನು ಅವನು. ಆಮೇಲೆ ಮಲೆನಾಡಿನ ಜುಲೈ ಮಳೆ ಬಂತು. ಅಮ್ಮನಿಗೆ ಚಳಿ ಆಗುತ್ತಾ, ಉಸಿರು ಕಟ್ಟುತ್ತಾ, ನೀರು ಒಳಗೆ ಇಳಿಯುತ್ತಾ ಅಂತ ಯೋಚಿಸದೇ ಇರಲು ಅವನಿಗೆ ಸಾಧ್ಯವೇ ಇರಲಿಲ್ಲ. ಅವನಿಗೆ ಬೇಕಿರುವುದು ಇಷ್ಟು: ‘ಸತ್ತ ಮೇಲೆ ಮೈಗೆ ಏನೂ ಗೊತ್ತಾಗಲ್ಲ ಮಗಾ. ಚಳಿ ಆಗಲ್ಲ, ನೋವಾಗಲ್ಲ, ಹಸಿವಾಗಲ್ಲ, ಹೆದರಿಕೆ ಆಗಲ್ಲ. ಉಸಿರಾಡೋದೇ ಇಲ್ಲ, ಅದಕ್ಕೆ ಉಸಿರು ಕಟ್ಟೋದೂ ಇಲ್ಲ. ನೀನು ಮಣ್ಣು ಹಾಕಿದ್ದು ಅಮ್ಮಂಗೆ ನೋವಾಗಲಿಲ್ಲ.’ ಈ ಕೊನೆಯ ವಾಕ್ಯವನ್ನು ಬಿಡಬೇಡಿ. ಅವನು ಕೇಳದಿದ್ದರೂ ಹೇಳಿ.

ನಿಮ್ಮ ಅಮ್ಮನನ್ನು ನಾನು ದೂರುತ್ತಿಲ್ಲ. ‘ಬಿಡ್ತು ಅನ್ನು’ ಅನ್ನುವುದು ನಮ್ಮೆಲ್ಲರ ಮನೆಯ ಮಾತೇ. ಕೆಟ್ಟದ್ದು ಬಾಯಿಗೆ ಬಂದರೆ ಅದನ್ನು ಅಲ್ಲೇ ಅಳಿಸುವ ಪ್ರೀತಿಯ ಉಪಾಯ ಅದು. ಆದರೆ ಕೆಟ್ಟದ್ದು ಆಗಿಹೋದ ಮೇಲೆ ಕೇಳುವ ಮಗುವಿಗೆ ಆ ಮಾತು ಬೇರೆಯದೇ ಅರ್ಥ ಕೊಡುತ್ತದೆ. ಇದನ್ನು ಕೇಳಬಾರದು, ಕೇಳಿದರೆ ಇನ್ನೇನೋ ಆಗುತ್ತದೆ ಅಂತ. ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಪ್ರಶ್ನೆ ಒಳಗೇ ಉಳಿಯುತ್ತದೆ, ಕೆಲವು ಸಲ ಬೆಳಿಗ್ಗೆ ಎಂಟು ಗಂಟೆಯ ಹೊಟ್ಟೆನೋವಾಗಿ ಹೊರಗೆ ಬರುತ್ತದೆ.

ಇನ್ನು ಮಗಳ ವಿಷಯ. ಅವಳಿಗೆ ಏನೂ ಗೊತ್ತಿಲ್ಲ ಅಂತ ನೀವು ಅಂದುಕೊಂಡಿದ್ದೀರಿ. ಗೊಂಬೆ ಬೇರೆ ಹೇಳುತ್ತಿದೆಯಲ್ಲ! ಟವೆಲ್ ಮುಚ್ಚಿ ‘ಇದು ಏಳಲ್ಲ’ ಅನ್ನುವ ಮಗು ಅರ್ಧ ಸತ್ಯವನ್ನು ಆಗಲೇ ಹಿಡಿದಿದೆ. ಯಾರದೋ ಫೋನ್ ಮಾತು, ಅಜ್ಜಿಯ ಕಣ್ಣೀರು, ಗೋಡೆಯ ಮೇಲೆ ಬಂದ ಹೊಸ ಫೋಟೊ, ಬೀಗ ಹಾಕಿದ ಬೀರು, ಎಲ್ಲದರಿಂದ ಚೂರುಚೂರು ಕೂಡಿಸಿಕೊಂಡಿದ್ದಾಳೆ. ಉಳಿದರ್ಧವನ್ನು ಅವಳೇ ಕಲ್ಪಿಸಿಕೊಳ್ಳುತ್ತಾಳೆ. ಆ ಕಲ್ಪನೆ ಸಾಮಾನ್ಯವಾಗಿ ಸತ್ಯಕ್ಕಿಂತ ಕೆಟ್ಟದಾಗಿರುತ್ತದೆ: ‘ಅಮ್ಮಂಗೆ ನನ್ನ ಹತ್ರ ಬರೋಕೆ ಇಷ್ಟ ಇಲ್ಲ. ನಾನು ಹಟ ಮಾಡಿದ್ದಕ್ಕೆ ಹೋದಳು.’

ನನಗೇ ಆಗಿದ್ದು ಹೇಳುತ್ತೇನೆ. ನನಗೆ ಐದು ವರ್ಷ ಇದ್ದಾಗ ಅಜ್ಜ ಕಾಶಿಗೆ ಹೋದರು ಅಂದರು. ಕಾಶಿದಾರ ತರುತ್ತಾರೆ ಅಂತ ಎಷ್ಟೋ ದಿನ ಜಗುಲಿಯಲ್ಲಿ ಕಾದಿದ್ದೇನೆ. ಸತ್ಯ ಗೊತ್ತಾದಾಗ ಅಜ್ಜನ ಮೇಲೆ ಅಲ್ಲ, ಮನೆಯವರ ಮೇಲೆ ಸಿಟ್ಟು ಬಂತು. ಆಮೇಲೆ ಯಾರಾದರೂ ಊರಿಗೆ ಹೋದರು ಅಂದರೆ ನಂಬುತ್ತಲೇ ಇರಲಿಲ್ಲ.

ನಮ್ಮ ಭಾಷೆಯೂ ಇಲ್ಲಿ ಸ್ವಲ್ಪ ತೊಡಕು ಮಾಡುತ್ತದೆ. ಮನೆಯಿಂದ ಹೊರಡುವಾಗ ನಾವು ‘ಹೋಗ್ತೀನಿ’ ಅನ್ನುವುದಿಲ್ಲ, ‘ಹೋಗಿ ಬರ್ತೀನಿ’ ಅನ್ನುತ್ತೇವೆ. ಹಾಗಾಗಿ ಮಗುವಿನ ಪಾಲಿಗೆ ಹೋದವರು ಅಂದರೆ ಬರುವವರು. ಅದಕ್ಕೆ ‘ಅಮ್ಮ ಹೋಗಿಬಿಟ್ಟಳು’ ಅಂದರೆ ಸಾಲದು. ‘ತೀರಿಕೊಂಡಳು’ ಅಂದರೆ? ಮನೆಯಲ್ಲಿ ಸಕ್ಕರೆ ತೀರುತ್ತದೆ, ಅಂಗಡಿಯಿಂದ ಮತ್ತೆ ಬರುತ್ತದೆ. ‘ಮಲಗಿದ್ದಾಳೆ’ ಅಂತಂತೂ ಬೇಡವೇ ಬೇಡ, ಅಂದಿನಿಂದ ಮಗುವಿಗೆ ನಿದ್ದೆಯೇ ಭಯ ಆಗಬಹುದು. ದೊಡ್ಡವರ ಬಗ್ಗೆ ‘ಸತ್ತರು’ ಅನ್ನುವುದು ಒರಟು ಅಂತ ನಮಗೆ ಅನ್ನಿಸುತ್ತದೆ, ನಿಜ. ಆದರೆ ಚಿಕ್ಕ ಮಗುವಿಗೆ ಗೊತ್ತಿರುವ ಪದ ಅದೊಂದೇ. ತೋಟದಲ್ಲಿ ಸತ್ತ ಹಕ್ಕಿ, ಸತ್ತ ಹುಳ, ಕೊಟ್ಟಿಗೆಯಲ್ಲಿ ಸತ್ತ ಕರು, ಎಲ್ಲವನ್ನೂ ನೋಡಿರುತ್ತಾಳೆ. ಅದೇ ಪದ ಬಳಸಿ.

ಮಕ್ಕಳು ಸಾವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಅನ್ನುವುದು ಹಳೆಯ ಪ್ರಶ್ನೆ. ಹಂಗೆರಿಯ ಮರಿಯಾ ನಾಗಿ ಬುಡಾಪೆಸ್ಟ್‌ನ ಮಕ್ಕಳನ್ನು ಮಾತಾಡಿಸಿ 1948ರಲ್ಲಿ ಬರೆದ ಲೇಖನವನ್ನು ನಮ್ಮ ಕ್ಷೇತ್ರದಲ್ಲಿ ಇವತ್ತಿಗೂ ಓದುತ್ತೇವೆ. ಐದು ವರ್ಷದೊಳಗಿನವರಿಗೆ ಸಾವು ಒಂದು ಪ್ರಯಾಣದಂತೆ, ನಿದ್ದೆಯಂತೆ ಕಾಣುತ್ತದೆ ಅಂತ ಆಕೆ ಕಂಡುಕೊಂಡರು. 1984ರಲ್ಲಿ ಮಾರ್ಕ್ ಸ್ಪೀಸ್ ಮತ್ತು ಸ್ಯಾಂಡರ್ ಬ್ರೆಂಟ್ ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ, ಮಗುವಿಗೆ ಮೂರು ಸಂಗತಿ ತಿಳಿಯಬೇಕು ಅಂದರು. ಸತ್ತವರು ಮರಳಿ ಬರುವುದಿಲ್ಲ. ಮೈಯ ಕೆಲಸ ಪೂರ್ತಿ ನಿಲ್ಲುತ್ತದೆ. ಹುಟ್ಟಿದ ಎಲ್ಲರೂ ಒಂದು ದಿನ ಸಾಯುತ್ತಾರೆ. ಹೆಚ್ಚಿನ ಮಕ್ಕಳಿಗೆ ಇದು ಐದರಿಂದ ಏಳು ವರ್ಷದೊಳಗೆ ಕೂಡಿಬರುತ್ತದೆ. ನಿಮ್ಮ ಮಗಳು ಇನ್ನೂ ಅದರ ಹೊಸ್ತಿಲ ಆಚೆ ಇದ್ದಾಳೆ. ಅದಕ್ಕೇ ಭಾನುವಾರ ಹೇಳಿದರೂ ಬುಧವಾರ ಮತ್ತೆ ‘ಅಮ್ಮ ಯಾವಾಗ ಬರ್ತಾಳೆ’ ಅಂತ ಕೇಳುತ್ತಾಳೆ. ನೀವು ಹೇಳಿದ್ದು ತಪ್ಪಾಯಿತು ಅಂದುಕೊಳ್ಳಬೇಡಿ. ಐವತ್ತು ಸಲ ಕೇಳಬಹುದು. ಐವತ್ತು ಸಲವೂ ಅದೇ ಉತ್ತರ, ಅದೇ ಪದಗಳಲ್ಲಿ ಕೊಡಿ.

ಹೇಳಬೇಕಾದವರು ನೀವೇ. ಅಜ್ಜಿಯೂ ಅಲ್ಲ, ಚಿಕ್ಕಮ್ಮನೂ ಅಲ್ಲ. ಬೆಳಿಗ್ಗೆ, ತಿಂಡಿ ಆದ ಮೇಲೆ ಹೇಳಿ, ಮಲಗುವ ಹೊತ್ತಿಗೆ ಬೇಡ. ದಿನವಿಡೀ ನೀವು ಕೈಗೆ ಸಿಗುವಂತಿರಬೇಕು. ತೊಡೆಯ ಮೇಲೆ ಕೂರಿಸಿಕೊಂಡು ಹೀಗೆ ಹೇಳಬಹುದು:

‘ಪುಟ್ಟಿ, ಒಂದು ಬೇಜಾರಿನ ವಿಷಯ ಹೇಳ್ಬೇಕು. ಅಮ್ಮಂಗೆ ಕ್ಯಾನ್ಸರ್ ಅಂತ ತುಂಬಾ ದೊಡ್ಡ ಕಾಯಿಲೆ ಆಗಿತ್ತು. ಡಾಕ್ಟರು ತುಂಬಾ ಔಷಧಿ ಕೊಟ್ಟರು. ಆದ್ರೂ ವಾಸಿ ಆಗಲಿಲ್ಲ. ಅಮ್ಮ ಸತ್ತುಹೋದಳು. ಸತ್ತುಹೋದ್ರೆ ಮತ್ತೆ ಬರೋಕೆ ಆಗಲ್ಲ. ಅಮ್ಮಂಗೆ ನಿನ್ನ ಬಿಟ್ಟು ಹೋಗೋಕೆ ಒಂಚೂರೂ ಇಷ್ಟ ಇರಲಿಲ್ಲ.’

ಇಷ್ಟು ಹೇಳಿ ನಿಲ್ಲಿಸಿ. ಸುಮ್ನೆ ಇರಿ. ಮುಂದಿನದು ಅವಳ ಸರದಿ. ಅಳಬಹುದು, ‘ನಂಗೆ ಬಿಸ್ಕೆಟ್ ಬೇಕು’ ಅನ್ನಬಹುದು, ಎದ್ದು ಆಡಲು ಓಡಿಹೋಗಬಹುದು. ಓಡಿಹೋದರೆ ಬಿಡಿ. ಚಿಕ್ಕ ಮಕ್ಕಳ ದುಃಖ ನಿಮ್ಮೂರಿನ ಶ್ರಾವಣದ ಮಳೆಯ ಹಾಗೆ. ಹತ್ತು ನಿಮಿಷ ಧೋ ಅಂತ ಸುರಿದು ಬಿಸಿಲು ಬರುತ್ತದೆ, ಮತ್ತೆ ಸುರಿಯುತ್ತದೆ. ಮಗನ ಕ್ರಿಕೆಟ್ಟೂ ನಗುವೂ ಆ ಬಿಸಿಲೇ. ಅವನಿಗೆ ಬೇಜಾರಿಲ್ಲ ಅಂತಲ್ಲ.

ಇಷ್ಟು ದಿನ ಹೇಳಿದ ಸುಳ್ಳಿಗೆ ಏನು ಮಾಡುವುದು? ಒಪ್ಪಿಕೊಳ್ಳುವುದು. ‘ಆಸ್ಪತ್ರೆಯಲ್ಲಿದ್ದಾಳೆ ಅಂತ ಹೇಳಿದ್ದು ತಪ್ಪು. ನಿಂಗೆ ಅಳು ಬರುತ್ತೆ ಅಂತ ನಮಗೆ ಭಯ ಆಗಿತ್ತು. ಇನ್ಮೇಲೆ ನಿಜಾನೇ ಹೇಳ್ತೀವಿ.’ ಅಪ್ಪ ತಪ್ಪಾಯಿತು ಅಂದರೆ ಮಕ್ಕಳು ಆಶ್ಚರ್ಯ ಆಗುವಷ್ಟು ಬೇಗ ಕ್ಷಮಿಸುತ್ತಾರೆ. ‘ನನ್ನ ಯಾಕೆ ಚಿಕ್ಕಮ್ಮನ ಮನೆಗೆ ಕಳಿಸಿದ್ರಿ?’ ಅಂತಲೂ ಒಂದು ದಿನ ಕೇಳುತ್ತಾಳೆ, ಅದಕ್ಕೂ ಇದೇ ಉತ್ತರ. ಅವಳು ಕೇಳಿದರೆ ತೋಟದ ಆ ಜಾಗಕ್ಕೆ ಕರೆದುಕೊಂಡು ಹೋಗಿ. ಅಣ್ಣ ದಾರಿ ತೋರಿಸಲಿ. ಇಬ್ಬರೂ ಸೇರಿ ಒಂದು ಹೂವಿನ ಗಿಡ ನೆಡಲಿ. ಮುಂದೆ ಸಮಾಧಿ ಕಟ್ಟಿಸುವುದಾದರೆ ಯಾವ ಕಲ್ಲು, ಯಾವ ಬಣ್ಣ ಅಂತ ಮಗನನ್ನೂ ಕೇಳಿ. ಮಳೆಗೆ ಅಮ್ಮನನ್ನು ಬಿಟ್ಟೆವು ಅಂತ ಕೊರಗುತ್ತಿರುವವನಿಗೆ ಅಲ್ಲಿ ಕೈಯಿಂದ ಮಾಡಲು ಒಂದು ಕೆಲಸ ಬೇಕು.

ಕ್ಯಾನ್ಸರ್ ಅನ್ನುವ ಹೆಸರು ಮಕ್ಕಳಿಗೆ ಯಾಕೆ ಅಂತ ಮನೆಯಲ್ಲಿ ಕೇಳಬಹುದು. ನಾವು ನೆಗಡಿಗೂ ‘ಹುಷಾರಿಲ್ಲ’ ಅನ್ನುತ್ತೇವೆ, ಕ್ಯಾನ್ಸರಿಗೂ ‘ಹುಷಾರಿಲ್ಲ’ ಅನ್ನುತ್ತೇವೆ. ‘ಅಮ್ಮಂಗೆ ಹುಷಾರಿರಲಿಲ್ಲ, ಸತ್ತುಹೋದಳು’ ಅಂದುಬಿಟ್ಟರೆ, ನಾಳೆ ನಿಮಗೆ ಜ್ವರ ಬಂದ ದಿನ ಆ ಇಬ್ಬರು ಏನಂದುಕೊಳ್ಳಬೇಕು? ಕಾಯಿಲೆಗೆ ಬೇರೆ ಹೆಸರು ಇರಲಿ. ಅದು ಮುಟ್ಟಿದರೆ, ಮುತ್ತು ಕೊಟ್ಟರೆ, ಎಂಜಲು ತಿಂದರೆ ಅಂಟುವ ಕಾಯಿಲೆ ಅಲ್ಲ ಅಂತಲೂ ಹೇಳಿ. ಬೈದರೆ, ಹಟ ಮಾಡಿದರೆ, ಮನಸ್ಸಿನಲ್ಲೇ ಕೆಟ್ಟದ್ದು ಅಂದುಕೊಂಡರೆ ಬರುವ ಕಾಯಿಲೆಯೂ ಅಲ್ಲ ಅಂತ ಸೇರಿಸಿ. ನನ್ನಿಂದ ಹೀಗಾಯಿತಾ, ನನಗೂ ಹೀಗಾಗುತ್ತಾ, ನನ್ನನ್ನು ನೋಡಿಕೊಳ್ಳುವವರು ಯಾರು? ಈ ಮೂರು ಪ್ರಶ್ನೆಗಳನ್ನು ಮಕ್ಕಳು ಬಾಯಿಬಿಟ್ಟು ಕೇಳುವುದು ಕಡಿಮೆ. ಕೇಳುವ ಮುಂಚೆಯೇ ಉತ್ತರ ಕೊಡಬೇಕು.

ದೇವರನ್ನು ತರಬಾರದಾ ಅಂದರೆ, ತನ್ನಿ, ನಿಮ್ಮ ಮನೆಯ ನಂಬಿಕೆ ಅದು. ಅಮ್ಮನ ಮೈ ಕೆಲಸ ನಿಲ್ಲಿಸಿತು ಅನ್ನುವುದು ಮೊದಲು ಬರಲಿ. ಆಮೇಲೆ ‘ಅಮ್ಮನ ಜೀವ ದೇವರ ಹತ್ರ ಇದೆ ಅಂತ ನಾವು ನಂಬ್ತೀವಿ’ ಅನ್ನಿ. ‘ಒಳ್ಳೆಯವರನ್ನ ದೇವರು ಬೇಗ ಕರ್ಕೊಂಡುಬಿಡ್ತಾನೆ’ ಅನ್ನುವ ಮಾತೊಂದನ್ನು ಮಾತ್ರ ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಹಾಗಾದರೆ ಒಳ್ಳೆಯವನಾಗಿರುವುದು ಅಪಾಯ ಅಂತ ಮಗು ಲೆಕ್ಕ ಹಾಕುತ್ತದೆ. ಅಥವಾ ದೇವರನ್ನೇ ಕಳ್ಳ ಅಂದುಕೊಳ್ಳುತ್ತದೆ. ಸಾವಿನ ಮನೆಗೆ ಬಂದವರು ಈ ಮಾತನ್ನು ಆಡಿಯೇ ಆಡುತ್ತಾರೆ, ಏನು ಮಾಡುವುದು.

ಗೊಂಬೆಯ ಆಟಕ್ಕೆ ಬರೋಣ. ಅದು ಅಪಶಕುನ ಅಲ್ಲ, ಅವಳ ಕೆಲಸ. ದೊಡ್ಡವರು ನೂರು ಜನರ ಹತ್ತಿರ ಹೇಳಿಕೊಂಡು ಹಗುರ ಆಗುತ್ತೇವೆ, ನಾಲ್ಕೂವರೆ ವರ್ಷದ ಮಗು ಆಡಿಕೊಂಡು ಹಗುರ ಆಗುತ್ತದೆ. ತಡೆಯಬೇಡಿ. ಸಾಧ್ಯವಾದರೆ ಪಕ್ಕದಲ್ಲಿ ಕೂತು, ‘ಗೊಂಬೆಗೆ ಏನಾಯ್ತು?’ ಅಂತ ಒಂದೇ ಮಾತು ಕೇಳಿ. ಪಾಠ ಮಾಡಬೇಡಿ. ಸತ್ಯ ಗೊತ್ತಾದ ಮೇಲೆ ಆಟ ಬದಲಾಗುವುದನ್ನು ನೋಡುತ್ತೀರಿ. ಅಳುವ ಇನ್ನೊಂದು ಗೊಂಬೆ ಬರುತ್ತದೆ, ಎಡೆ ಇಡುವ ಗೊಂಬೆ ಬರುತ್ತದೆ. ತಿಂಗಳುಗಟ್ಟಲೆ ಒಂದೇ ಆಟ, ಒಂದೇ ಕೊನೆ, ಆಡಿದಷ್ಟೂ ಮಗು ಹೆದರಿಕೊಳ್ಳುತ್ತಿದೆ ಅಂದರೆ ಆಗ ತಜ್ಞರಿಗೆ ತೋರಿಸಿ.

ಹಾಸಿಗೆ ಒದ್ದೆ ಆಗುವುದಕ್ಕೆ ಬೈಗುಳ ಬೇಡ, ಹಾಸಿಗೆಯ ಕೆಳಗೆ ರಬ್ಬರ್ ಶೀಟ್ ಸಾಕು. ಈ ವಯಸ್ಸಿನಲ್ಲಿ ದುಃಖ ಬಂದಾಗ ಮಕ್ಕಳು ಒಂದೆರಡು ವರ್ಷ ಹಿಂದಕ್ಕೆ ಹೋಗುವುದು ಮಾಮೂಲು.

ಮಗನ ಹೊಟ್ಟೆನೋವನ್ನು ಒಮ್ಮೆ ಡಾಕ್ಟರಿಗೆ ತೋರಿಸಿಬಿಡಿ. ಅವರು ಏನೂ ಇಲ್ಲ ಅಂದ ಮೇಲೂ ‘ನಾಟಕ ಆಡ್ತೀಯಾ’ ಅನ್ನಬೇಡಿ, ಅವನಿಗೆ ನಿಜವಾಗಿಯೂ ನೋಯುತ್ತಿದೆ. ಅಮ್ಮನನ್ನು ಕೊನೆಯ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅವನೆಲ್ಲಿದ್ದ ಅಂತ ನೆನಪು ಮಾಡಿಕೊಳ್ಳಿ. ಸ್ಕೂಲಿನಲ್ಲಿದ್ದನಾ? ಹಾಗಿದ್ದರೆ ಅವನ ಲೆಕ್ಕ ಸುಲಭ: ನಾನು ಸ್ಕೂಲಿಗೆ ಹೋದಾಗ ಮನೆಯಲ್ಲಿ ಜನ ಸಾಯುತ್ತಾರೆ. ಇವತ್ತು ನೀವು ಎಲ್ಲಿರುತ್ತೀರಿ, ಸಂಜೆ ಬಸ್ಸಿಳಿಯುವಾಗ ಯಾರು ನಿಂತಿರುತ್ತಾರೆ ಅಂತ ಬೆಳಿಗ್ಗೆ ಬಿಡಿಸಿ ಹೇಳಿ. ಹೇಳಿದ ಹೊತ್ತಿಗೆ ಅಲ್ಲೇ ಇರಿ. ಇನ್ನೆರಡು ತಿಂಗಳಿಗೆ ಕಾಫಿ ಕೊಯ್ಲು ಶುರುವಾದರೆ ನಿಮಗೆ ಪುರುಸೊತ್ತಿರುವುದಿಲ್ಲ. ಈ ಅಭ್ಯಾಸ ಈಗಲೇ ಗಟ್ಟಿಯಾಗಲಿ. ‘ಅಪ್ಪಾ, ನೀನೂ ಸಾಯ್ತೀಯಾ?’ ಅಂತ ಕೇಳಿದರೆ ‘ಇಲ್ಲವೇ ಇಲ್ಲ’ ಅಂತ ಆಣೆ ಮಾಡಬೇಡಿ. ‘ಎಲ್ಲರೂ ಒಂದಿನ ಸಾಯ್ತಾರೆ. ನಾನು ಗಟ್ಟಿಯಾಗಿದ್ದೀನಿ, ನೀವು ದೊಡ್ಡವರಾಗೋ ತನಕ ಇರಬೇಕು ಅಂತಿದ್ದೀನಿ. ಏನೇ ಆದ್ರೂ ನಿಮ್ಮನ್ನ ನೋಡಿಕೊಳ್ಳೋಕೆ ಅಜ್ಜಿ, ಚಿಕ್ಕಮ್ಮ ಇದ್ದಾರೆ’ ಅನ್ನಿ.

ಅವನ ಟೀಚರಿಗೂ ಒಂದು ಮಾತು ಹೇಳಿ ಬನ್ನಿ. ‘ನನ್ನ ತಾಯಿ’ ಅಂತ ಹತ್ತು ವಾಕ್ಯ ಬರೆಯಿರಿ ಅನ್ನುವ ಹೋಂವರ್ಕ್ ಯಾವತ್ತಾದರೂ ಬಂದೇ ಬರುತ್ತದೆ. ಬರೆಯಬೇಕೋ ಬೇಡವೋ ಅವನೇ ಹೇಳಲಿ. ಎಷ್ಟೋ ಮಕ್ಕಳು ಬರೆಯಲು ಇಷ್ಟಪಡುತ್ತಾರೆ. ಮತ್ತೆ, ‘ನೀನೇ ಈಗ ತಂಗೀನ ನೋಡ್ಕೋಬೇಕು, ನೀನು ಗಂಡಸು’ ಅಂತ ಅವನ ಬೆನ್ನು ತಟ್ಟುವ ಮಾವಂದಿರನ್ನು ಸ್ವಲ್ಪ ದೂರ ಇಡಿ. ಎಂಟು ವರ್ಷದವನಿಗೆ ಎಂಟು ವರ್ಷವೇ ಇರಲಿ.

ಈಗ ನೆಂಟರ ಸಲಹೆ. ಮಗಳನ್ನು ಕಳಿಸಬೇಡಿ. ಚಿಕ್ಕಮ್ಮ ಒಳ್ಳೆಯವರೇ ಇರಬಹುದು. ಆದರೆ ಅಮ್ಮನನ್ನು ಕಳೆದುಕೊಂಡ ವರ್ಷವೇ ಅಪ್ಪ, ಅಣ್ಣ, ಮನೆ, ಹಾಸಿಗೆ ಎಲ್ಲವನ್ನೂ ಕಳೆದುಕೊಳ್ಳುವುದು ಅವಳಿಗೆ ಜಾಸ್ತಿ ಆಯಿತು. ಚಿಕ್ಕಮ್ಮನೇ ವಾರಕ್ಕೊಮ್ಮೆ ಬಂದುಹೋದರೆ ಇನ್ನೂ ಒಳ್ಳೆಯದು. ಮಕ್ಕಳ ಎದುರು ನಿಮ್ಮ ಎರಡನೇ ಮದುವೆಯ ಮಾತು ಎತ್ತುವವರಿಗೆ, ಇದು ಇಲ್ಲಿ ಬೇಡ ಅಂತ ಖಡಾಖಂಡಿತ ಹೇಳಿ.

ನಿಮ್ಮ ಬಗ್ಗೆ ನೀವು ಒಂದಕ್ಷರವೂ ಬರೆದಿಲ್ಲ. ಅಮೆರಿಕದಲ್ಲಿ ವಿಲಿಯಂ ವರ್ಡನ್ ಮತ್ತು ಫಿಲಿಸ್ ಸಿಲ್ವರ್‌ಮನ್ ಅನ್ನುವವರು, ಅಪ್ಪ ಅಥವಾ ಅಮ್ಮ ಸತ್ತ 70 ಮನೆಗಳ 125 ಮಕ್ಕಳನ್ನು ಎರಡು ವರ್ಷ ನೋಡಿದರು. ಉಳಿದ ಒಬ್ಬರು ಹೇಗೆ ಸಂಭಾಳಿಸುತ್ತಾರೆ ಅನ್ನುವುದರ ಮೇಲೆ ಮಕ್ಕಳು ಹೇಗಿರುತ್ತಾರೆ ಅನ್ನುವುದು ಬಹಳಷ್ಟು ನಿಂತಿತ್ತು. ಹಾಗಂತ ನೀವು ಕಲ್ಲಿನಂತೆ ಇರಬೇಕಾಗಿಲ್ಲ. ಮಕ್ಕಳ ಎದುರು ಅಳು ಬಂದರೆ ಅಳಿ. ‘ಅಮ್ಮನ ನೆನಪಾಯ್ತು, ಅದಕ್ಕೆ ಅಳು ಬಂತು. ಸ್ವಲ್ಪ ಹೊತ್ತಿಗೆ ಸರಿ ಹೋಗ್ತೀನಿ’ ಅಂತ ಕಾರಣ ಹೇಳಿ. ಅಳುವುದು ಹೇಗೆ, ಆಮೇಲೆ ಕಣ್ಣೊರೆಸಿಕೊಂಡು ಅನ್ನ ಬಡಿಸುವುದು ಹೇಗೆ ಅಂತ ನಿಮ್ಮ ಮಗ ನಿಮ್ಮನ್ನು ನೋಡಿಯೇ ಕಲಿಯಬೇಕು. ರಾತ್ರಿ ನಿದ್ದೆಯೇ ಬರುತ್ತಿಲ್ಲ, ಕುಡಿತ ಜಾಸ್ತಿ ಆಗುತ್ತಿದೆ, ಬದುಕುವುದೇ ಬೇಡ ಅನ್ನಿಸುತ್ತಿದೆ ಅಂದರೆ ತಡ ಮಾಡದೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಕ್ಕಳಿಗೂ ತಜ್ಞರ ಸಹಾಯ ಬೇಕಾ ಅನ್ನುವುದಕ್ಕೆ ನಾನು ಇವನ್ನು ನೋಡುತ್ತೇನೆ: ಆರು ತಿಂಗಳು ಕಳೆದರೂ ಅಮ್ಮನ ಹಂಬಲ ದಿನವಿಡೀ ಬಿಡದೇ ಇರುವುದು, ಆಟವೇ ನಿಂತುಹೋಗುವುದು, ಊಟ ಇಲ್ಲದೆ ತೂಕ ಇಳಿಯುವುದು, ಸ್ಕೂಲು ಪೂರ್ತಿ ಬಿಡುವುದು, ತನಗೆ ತಾನೇ ಹೊಡೆದುಕೊಳ್ಳುವುದು. ‘ನಾನೂ ಅಮ್ಮನ ಹತ್ರ ಹೋಗ್ತೀನಿ’ ಅಂತ ಮಗು ಅಂದರೆ ಗಾಬರಿಯಾಗಿ ಕೂಗಬೇಡಿ. ‘ಹೇಗೆ ಹೋಗ್ತೀಯಾ?’ ಅಂತ ಸಮಾಧಾನವಾಗಿ ಕೇಳಿ. ಎಷ್ಟೋ ಸಲ ‘ಬಸ್ಸಲ್ಲಿ’ ಅನ್ನುತ್ತಾರೆ, ಅದು ಬರೀ ನೆನಪು. ಸಾಯುವ ಮಾತು ಬಂದರೆ ಮಾತ್ರ ಅದೇ ದಿನ ವೈದ್ಯರಿಗೆ ತೋರಿಸಿ. ಹಾಸನದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ.

ಕೊನೆಗೆ ಎಡೆ. ಭಾನುವಾರ ಮಗಳಿಗೆ ಹೇಳಿದ ಮೇಲೆ ಅಮಾವಾಸ್ಯೆಗೆ ಇನ್ನೂ ಕೆಲವು ದಿನ ಇರುತ್ತದೆ, ಅದಕ್ಕೇ ನಾನು ಆತುರ ಮಾಡಿದ್ದು. ಸತ್ತವರನ್ನು ಮರೆತರೆ ಮಾತ್ರ ಮುಂದೆ ಹೋಗಬಹುದು ಅಂತ ಪಾಶ್ಚಾತ್ಯ ಮನಶ್ಶಾಸ್ತ್ರದಲ್ಲಿ ಬಹಳ ಕಾಲ ಹೇಳುತ್ತಿದ್ದರು. 1990ರ ದಶಕದಲ್ಲಿ ಅವರೇ ಮಾತು ಬದಲಿಸಿ, ನಂಟು ಬೇರೆ ರೂಪದಲ್ಲಿ ಮುಂದುವರಿದರೆ ಒಳ್ಳೆಯದೇ ಅಂದರು. ವರ್ಷಕ್ಕೊಮ್ಮೆ ಹಿರಿಯರಿಗೆ ಎಲೆ ಹಾಕುವ ನಮ್ಮ ಜನಕ್ಕೆ ಇದು ಹೊಸದೇನೂ ಅಲ್ಲ. ಹಾಗಾಗಿ ಅವತ್ತು ಮಕ್ಕಳನ್ನು ಹೊರಗೆ ಕಳಿಸಬೇಡಿ. ಅಮ್ಮ ಬಂದು ತಿನ್ನುತ್ತಾಳಾ ಅಂತ ಮಗಳು ಕೇಳಿಯೇ ಕೇಳುತ್ತಾಳೆ. ‘ಅಮ್ಮ ಬರೋಕೆ ಆಗಲ್ಲ. ಅಮ್ಮನ್ನ ನಾವು ಮರೆತಿಲ್ಲ ಅಂತ ತೋರಿಸೋಕೆ ಇಡ್ತೀವಿ’ ಅನ್ನಿ. ಎಡೆಗೆ ಇಡುವ ಸೀರೆಯ ಬಣ್ಣವನ್ನು ಅವಳೇ ಆರಿಸಲಿ. ಅಮ್ಮನಿಗೆ ಯಾವ ತಿಂಡಿ ಇಷ್ಟ ಇತ್ತು ಅಂತ ಮಗನನ್ನು ಕೇಳಿ. ಅವನು ಅಕ್ಕಿರೊಟ್ಟಿ ಅನ್ನಬಹುದು, ಅಂಗಡಿಯ ಕುರ್ಕುರೆ ಅನ್ನಬಹುದು. ಏನು ಹೇಳುತ್ತಾನೋ ಅದನ್ನೇ ಇಡಿ. ಕುರ್ಕುರೆ ಎಡೆಯಲ್ಲಿ ಬೇಡ ಅಂತ ಹಿರಿಯರು ತಕರಾರು ಮಾಡಿದರೆ, ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿಸಿ.